ಒಂದು ಪೈಪು ಬಿಸಿ, ಒಂದು ಪೈಪು ತಣ್ಣಗೆ

ನನ್ನ ತಮ್ಮ ತನ್ನ ಕಂಪ್ಯೂಟರನ್ನು ಜೋಡಿಸಿದ್ದು 2015ರಲ್ಲಿ, ತುಳುವರ ಆಟಿ ತಿಂಗಳಿನಲ್ಲಿ. ಹೊರಗೆ ಜಡಿಮಳೆ. ಮಂಗಳೂರು ಬೋಳೂರಿನ ನಮ್ಮ ಹೆಂಚಿನ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ, ಅದರ ಮೇಲೆ ಅಪ್ಪನ ಬಿಳಿ ಪಂಚೆ ಹರವಿ, ಒಂದೊಂದೇ ಡಬ್ಬ ಬಿಚ್ಚಿ ಸಾಲಾಗಿ ಇಟ್ಟಿದ್ದ. ಎರಡು ವರ್ಷ ಕೇಟರಿಂಗಿನವರ ಜೊತೆ ಮದುವೆ ಹಾಲ್‌ಗಳಲ್ಲಿ ಬಡಿಸಿ ಕೂಡಿಸಿದ ದುಡ್ಡಿನಲ್ಲಿ ಕೊಂಡದ್ದು ಅವೆಲ್ಲ. ಮಂಗಳೂರಿನ ಕಾಲೇಜು ಹುಡುಗರಿಗೆ ಆ ಕೆಲಸ ಹೊಸತಲ್ಲ. ಭಾನುವಾರ ಬೆಳಿಗ್ಗೆ ಕಪ್ಪು ಪ್ಯಾಂಟು ಬಿಳಿ ಅಂಗಿ ಹಾಕಿ ಹೊರಟರೆ ಸಂಜೆಗೆ ಕೈಯಲ್ಲಿ ಒಂದಿಷ್ಟು ನೋಟು. ಆ ನೋಟುಗಳನ್ನು ಅವನು ಪಠ್ಯಪುಸ್ತಕದೊಳಗೆ ಅಡಗಿಸಿಡುತ್ತಿದ್ದುದನ್ನು ನಾನು ನೋಡಿದ್ದೇನೆ.

ಒಳಗೆ ಕೂತಿದ್ದು ಇಂಟೆಲ್ ಕೋರ್ ಐ7-4790ಕೆ. 2014ರಲ್ಲಿ ಬಂದ ಪ್ರೊಸೆಸರ್. ನಾಲ್ಕು ಕೋರ್, 4 ಗಿಗಾಹರ್ಟ್ಸ್, 88 ವಾಟ್. ಇದನ್ನು ಇನ್ನೂ ವೇಗವಾಗಿ ಓಡಿಸಬೇಕೆಂದು ಅವನ ಹಟ. ವೇಗ ಹೆಚ್ಚಿಸಿದರೆ ಬಿಸಿ ಹೆಚ್ಚುತ್ತದೆ, ಅದಕ್ಕೆ ನೀರಿನ ಕೂಲರ್. ಕಪ್ಪು ರಬ್ಬರಿನ ಎರಡು ಪೈಪು, ಒಂದು ತುದಿಯಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಪಂಪು, ಇನ್ನೊಂದು ತುದಿಯಲ್ಲಿ ಕಾರಿನ ರೇಡಿಯೇಟರಿನ ಮರಿಯಂಥದ್ದು. ನೀರು ತುಂಬಿಸಿಯೇ ಬರುತ್ತದೆ, ಮತ್ತೆ ತುಂಬಿಸುವ ಗೋಜಿಲ್ಲ, ಮುಚ್ಚಿದ ವ್ಯವಸ್ಥೆ ಎಂದು ಡಬ್ಬದ ಮೇಲೆ ಬರೆದಿತ್ತು. ಆ ಮಾತನ್ನು ನಾವು ಎಂಟು ವರ್ಷ ನಂಬಿದೆವು.

ಆ ವರ್ಷದ ಏಪ್ರಿಲ್‌ನಲ್ಲಿ ಕಂಪ್ಯೂಟರಿಗೆ ಬಂದಿದ್ದ ಜಿಟಿಎ 5 ಆಟವನ್ನು ಏಳು ಡಿವಿಡಿಗಳ ಪೆಟ್ಟಿಗೆಯಲ್ಲಿ ತಂದಿದ್ದ. ಒಂದಾದ ಮೇಲೊಂದು ಹಾಕಿ ಮುಗಿಯುವಾಗ ರಾತ್ರಿ ಎರಡು ಗಂಟೆ. ಪರದೆಯ ಮೇಲೆ ಯಾವುದೋ ಊರಿನ ಸಮುದ್ರ ಹೊಳೆಯುತ್ತಿತ್ತು, ನಮ್ಮ ಸಮುದ್ರ ಸುಲ್ತಾನ್ ಬತ್ತೇರಿಯ ಆಚೆ ತಣ್ಣೀರುಬಾವಿಯ ಬದಿಯಲ್ಲಿ ಬೊಬ್ಬೆ ಹಾಕುತ್ತಿತ್ತು. ತಮ್ಮ ಪೈಪಿನ ಮೇಲೆ ನನ್ನ ಬೆರಳಿಟ್ಟು, “ನೋಡಕ್ಕ, ಹೂಬೆಚ್ಚಗೆ ಉಂಟಲ್ಲ, ಅಷ್ಟೇ. ಒಳಗೆ ಎಷ್ಟು ಕೆಲಸ ಆಗ್ತಾ ಉಂಟು ಗೊತ್ತುಂಟಾ?” ಎಂದಿದ್ದ. ಆ ಬಿಸುಪನ್ನು ನನ್ನ ಬೆರಳು ನೆನಪಿಟ್ಟುಕೊಂಡಿರಬೇಕಿತ್ತು.

2019ರಲ್ಲಿ ಅವನು ದುಬೈಗೆ ಹೋದ. ಹೊರಡುವ ದಿನ ಕಂಪ್ಯೂಟರಿನ ಮೇಲೆ ಬೈರಾಸ ಮುಚ್ಚಿ, “ವಾರಕ್ಕೊಮ್ಮೆಯಾದ್ರೂ ಆನ್ ಮಾಡು ಅಕ್ಕ” ಎಂದ. ನಾನು ದಿನವೂ ಮಾಡಿದೆ. ಅಷ್ಟರಲ್ಲಿ ನನಗೆ ವಿಡಿಯೊ ಎಡಿಟಿಂಗಿನ ಕೆಲಸ ಹಿಡಿದಿತ್ತು. ಮದುವೆ, ಗೃಹಪ್ರವೇಶ, ಎಲ್ಲಕ್ಕಿಂತ ಹೆಚ್ಚಾಗಿ ಯಕ್ಷಗಾನ. ರಾತ್ರಿಯಿಡೀ ನಡೆಯುವ ಬಯಲಾಟವನ್ನು ಮೂರು ಕ್ಯಾಮರಾಗಳಲ್ಲಿ ತೆಗೆದು ತಂದುಕೊಟ್ಟರೆ ಅದನ್ನು ಹೊಂದಿಸಿ, ಚೆಂಡೆ ಮದ್ದಳೆಯ ಸದ್ದಿಗೂ ಕುಣಿತಕ್ಕೂ ಕೂದಲೆಳೆಯ ಅಂತರ ಬರದಂತೆ ಕೂಡಿಸಿ ಕೊಡಬೇಕು. ಕೊನೆಯಲ್ಲಿ ರೆಂಡರ್ ಎಂಬ ಹಂತ ಬರುತ್ತದೆ. ಆಗ ನಾಲ್ಕು ಕೋರುಗಳೂ ಗಂಟೆಗಟ್ಟಲೆ ಪೂರ್ತಿ ದುಡಿಯುತ್ತವೆ. ಆಟಕ್ಕೆಂದು ಕಟ್ಟಿದ ಯಂತ್ರ ಬಯಲಾಟಕ್ಕೆ ಒದಗಿತು.

2023ರ ಏಪ್ರಿಲ್‌ನಲ್ಲಿ ಮೊದಲ ಸುಳಿವು ಸಿಕ್ಕಿತು. ರಾತ್ರಿ ರೆಂಡರಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಚಹಾದ ಹೊತ್ತಿಗೆ ಮುಗಿದಿರುತ್ತಿದ್ದ ಪ್ರಸಂಗ, ಮಧ್ಯಾಹ್ನ ಊಟದ ಹೊತ್ತಿಗೂ ಮುಗಿಯಲಿಲ್ಲ. ಫ್ಯಾನುಗಳು ಕಿರುಚುತ್ತಿದ್ದವು. ಉಷ್ಣತೆ ತೋರಿಸುವ ಸಾಫ್ಟ್‌ವೇರ್ ತೆರೆದೆ. 100 ಡಿಗ್ರಿ. ಈ ಪ್ರೊಸೆಸರಿಗೆ ಅದೇ ಗಡಿ. ಅಲ್ಲಿಗೆ ತಲುಪಿದ ಕೂಡಲೇ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. 4 ಗಿಗಾಹರ್ಟ್ಸ್ ಇದ್ದದ್ದು ಒಂದಕ್ಕೂ ಕೆಳಗೆ ಬೀಳುವುದು, ತುಸು ತಣಿಯುವುದು, ಮತ್ತೆ ಏರುವುದು, ಮತ್ತೆ ಬೀಳುವುದು. ಗ್ರಾಫ್ ಗರಗಸದ ಹಲ್ಲಿನ ಹಾಗಿತ್ತು. ನಾನು ನೋಡುತ್ತಿರುವಾಗಲೇ ಪರದೆ ಕಪ್ಪಾಯಿತು.

ಸೆಖೆಯ ಕಾಲ. ಕೋಣೆಯಲ್ಲೇ 34 ಡಿಗ್ರಿ, ಮೈಮೇಲಿನ ಬೆವರು ಆರದಷ್ಟು ತೇವದ ಗಾಳಿ. ನೀರಿನ ಕೂಲರ್ ಎಂದ ಮಾತ್ರಕ್ಕೆ ಅದು ಫ್ರಿಜ್ ಅಲ್ಲ. ಶಾಖವನ್ನು ಪ್ರೊಸೆಸರಿನಿಂದ ಎತ್ತಿ ರೇಡಿಯೇಟರಿಗೆ ತಲುಪಿಸುವುದಷ್ಟೇ ನೀರಿನ ಕೆಲಸ, ಅಲ್ಲಿಂದ ಮುಂದೆ ಕೋಣೆಯ ಗಾಳಿಯೇ ಗತಿ. ಕೋಣೆಗಿಂತ ತಣ್ಣಗೆ ಮಾಡಲು ಅದಕ್ಕೆ ಸಾಧ್ಯವೇ ಇಲ್ಲ. ಹಾಗಾಗಿ ಮೊದಲ ಸಂಶಯ ಹವೆಯ ಮೇಲೆ ಹೋಯಿತು. ಆದರೆ ಹಿಂದಿನ ಏಳು ಬೇಸಿಗೆಗಳೂ ಇದೇ ಬೋಳೂರಿನ ಬೇಸಿಗೆಗಳಲ್ಲವೇ? ಆಗ ಎಂಬತ್ತು ದಾಟಿದ್ದಿಲ್ಲ.

ಎರಡನೇ ಸಂಶಯ ಧೂಳು. ಕ್ಯಾಬಿನೆಟನ್ನು ಅಂಗಳದ ಜಗಲಿಗೆ ತಂದು ಅಡ್ಡ ಮಲಗಿಸಿ, ಪೇಂಟ್ ಬ್ರಶ್ಶಿನಿಂದ ರೇಡಿಯೇಟರಿನ ಎಸಳುಗಳ ನಡುವೆ ತುಂಬಿದ್ದನ್ನು ಕೆದಕಿದೆ. ಬೂದಿ ಬಣ್ಣದ ಹಾಳೆಯಂತೆ ಎದ್ದು ಬಂತು. ಕಡಲ ಬದಿಯ ಧೂಳು ಒಣಗಿದ ಧೂಳಲ್ಲ. ಉಪ್ಪಿನ ಗಾಳಿಗೆ ತೇವ ಹಿಡಿದು ಅಂಟಿಕೊಂಡೇ ಇರುತ್ತದೆ. ಎಸಳುಗಳ ಅಂಚಿನಲ್ಲಿ ಬಿಳಿ ಹುಡಿಯೂ ಇತ್ತು, ಅಲ್ಯೂಮಿನಿಯಂ ಉಪ್ಪಿಗೆ ಸವೆದದ್ದು. ಒಂದು ಗಂಟೆ ಕೂತು ಚೊಕ್ಕ ಮಾಡಿ ನಿಲ್ಲಿಸಿ ಆನ್ ಮಾಡಿದರೆ 70 ಡಿಗ್ರಿ. ತಮ್ಮನಿಗೆ ಫೋಟೊ ಕಳಿಸಿದೆ. ಅವನೂ ಸಂತೋಷಪಟ್ಟ.

ಎರಡು ದಿನ. ಮೂರನೇ ದಿನ ಮತ್ತೆ ನೂರು.

ಈ ಎರಡು ದಿನದ ಗುಟ್ಟು ನನಗೆ ಆಗ ಹೊಳೆಯಲೇ ಇಲ್ಲ. ಧೂಳು ತೆಗೆದದ್ದರಿಂದ ತಣ್ಣಗಾಯಿತು ಎಂದುಕೊಂಡೆ. ಎರಡೇ ದಿನದಲ್ಲಿ ಅಷ್ಟು ಧೂಳು ಮತ್ತೆ ತುಂಬಲು ಸಾಧ್ಯವಿಲ್ಲ ಎಂದು ಯೋಚಿಸಿದ್ದರೆ ಒಂದು ತಿಂಗಳ ಅಲೆದಾಟ ಉಳಿಯುತ್ತಿತ್ತು.

ಮೂರನೇ ಸಂಶಯ ಥರ್ಮಲ್ ಪೇಸ್ಟ್. ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ಕೂಲರಿನ ತಾಮ್ರದ ಫಲಕಕ್ಕೂ ನಡುವೆ ಹಚ್ಚುವ ಬೂದು ಬಣ್ಣದ ಲೇಪ. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಸಣ್ಣ ಸಣ್ಣ ತಗ್ಗುಗಳಿರುತ್ತವೆ. ಅಲ್ಲಿ ಗಾಳಿ ಕೂತರೆ ಶಾಖ ಸರಿಯಾಗಿ ದಾಟುವುದಿಲ್ಲ, ಪೇಸ್ಟ್ ಆ ಜಾಗ ತುಂಬುತ್ತದೆ. ವರ್ಷಗಳು ಕಳೆದಂತೆ ಒಣಗುತ್ತದೆ. ತಮ್ಮ ವಿಡಿಯೊ ಕಾಲ್‌ನಲ್ಲಿ ಕೂತು ಹೇಳಿಕೊಟ್ಟ, ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಕೂಲರ್ ಕಳಚಿದೆ. ನಾಲ್ಕು ಸ್ಕ್ರೂಗಳನ್ನು ಮೂಲೆಗೆ ಮೂಲೆ ಎಂಬಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಹಳೆಯ ಪೇಸ್ಟ್ ಗೋಡೆಯ ಸುಣ್ಣದ ಹಾಗೆ ಪುಡಿಪುಡಿಯಾಗಿತ್ತು. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸುತ್ತಾ ಹೋದಂತೆ ಅಡಿಯಿಂದ ಇಂಟೆಲ್‌ನ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ತಮ್ಮ ಅತ್ತ ಮಾತು ನಿಲ್ಲಿಸಿದ. ಆಟಿಯ ಆ ಮಧ್ಯಾಹ್ನ ತಾನೇ ಮುಚ್ಚಿದ್ದ ಆ ಅಕ್ಷರಗಳನ್ನು ಎಂಟು ವರ್ಷಗಳ ಮೇಲೆ ದೂರದ ಊರಿನಿಂದ ನೋಡುತ್ತಿದ್ದ. ಆಮೇಲೆ, “ಕಡಲೆಕಾಳಿನಷ್ಟೇ ಹಾಕು ಅಕ್ಕ, ಜಾಸ್ತಿ ಬೇಡ” ಎಂದ.

ಹೊಸ ಪೇಸ್ಟಿನಿಂದ ಇಳಿದದ್ದು ನಾಲ್ಕು ಡಿಗ್ರಿ. ತಮ್ಮನೇ ಹೇಳಿ, ಬಯೋಸ್ ಸೆಟ್ಟಿಂಗಿನಲ್ಲಿ ತಾನು ಏರಿಸಿಟ್ಟಿದ್ದ ವೇಗವನ್ನೂ ವೋಲ್ಟೇಜನ್ನೂ ನನ್ನ ಕೈಯಿಂದಲೇ ಇಳಿಸಿದ. ವೋಲ್ಟೇಜಿನ ಲೆಕ್ಕ ತಿಳಿದಿರುವುದು ಒಳ್ಳೆಯದು. ಶಾಖ ಅದರ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ, 1.3ರಿಂದ 1.1ಕ್ಕೆ ಇಳಿಸಿದರೆ ಕಾಲು ಭಾಗಕ್ಕೂ ಹೆಚ್ಚು ಕಡಿಮೆ. ನನ್ನ ಕಂಪ್ಯೂಟರ್ ಕಪ್ಪಾಗಿ ಆರುವುದು ನಿಂತಿತು, ಆದರೆ ತೆವಳುವುದು ನಿಲ್ಲಲಿಲ್ಲ.

ಪೇಟೆಯ ಒಂದು ಅಂಗಡಿಗೆ ಆಟೋದಲ್ಲಿ ಹೊತ್ತುಕೊಂಡು ಹೋದೆ. ಅವರು ಬಿಚ್ಚಿಯೂ ನೋಡಲಿಲ್ಲ. ಪಂಪಿನ ಸುತ್ತು ಎಷ್ಟೆಂದು ಪರದೆಯ ಮೇಲೆ ನೋಡಿ, “ಪಂಪ್ ಓಡ್ತಾ ಉಂಟಲ್ಲ ಮೇಡಂ. ಬೋರ್ಡ್ ಹೋಗಿದೆ. ಇದು ಹಳೇ ಮಾಡೆಲ್, ಇದಕ್ಕೆ ಪಾರ್ಟ್ಸ್ ಎಲ್ಲಿ ಸಿಗ್ತದೆ? ಹೊಸ ಸೆಟ್ ತೆಗೊಳ್ಳಿ” ಎಂದರು. ಹೇಳಿದ ಬೆಲೆ ನನ್ನ ಇಡೀ ಸೀಸನ್ನಿನ ದುಡಿಮೆ. ಹಣದ ಮಾತು ಹಾಗಿರಲಿ. ಎಂಟು ವರ್ಷ ಒಂದು ದಿನವೂ ಕೈಕೊಡದ ವಸ್ತುವನ್ನು ಎರಡು ನಿಮಿಷದಲ್ಲಿ ಗುಜರಿಗೆ ಸೇರಿಸಿಬಿಟ್ಟರಲ್ಲ ಎಂದು ನನಗೆ ಬಹಳ ನೋವಾಯಿತು. ಹಳೆಯದೆಲ್ಲ ಕೆಟ್ಟದ್ದೇ ಆಗಿರುತ್ತದೆ ಎಂಬ ನಂಬಿಕೆ ರಿಪೇರಿಯವರಲ್ಲೇ ಬಂದುಬಿಟ್ಟರೆ ರಿಪೇರಿ ಎನ್ನುವ ಕಸುಬು ಉಳಿಯುವುದು ಹೇಗೆ?

ಪತ್ತನಾಜೆ ಬಂತು. ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇಳಗಳು ಗೆಜ್ಜೆ ಬಿಚ್ಚುವ ದಿನ. ನನ್ನ ಕೈಯಲ್ಲಿ ಇನ್ನೂ ನಾಲ್ಕು ಪ್ರಸಂಗಗಳು ಬಾಕಿ. ಆ ಮೇ ತಿಂಗಳಲ್ಲಿ ತುಂಬೆಯ ವೆಂಟೆಡ್ ಡ್ಯಾಮಿನಲ್ಲಿ ನೀರು ಇಳಿದು ನಗರಕ್ಕೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಅಮ್ಮ ಕೊಡಪಾನ, ಬಾಲ್ದಿ, ಸಿಕ್ಕಿದ ಪಾತ್ರೆಯಲ್ಲೆಲ್ಲ ಹಿಡಿದಿಡುತ್ತಿದ್ದಳು. ಕಂಪ್ಯೂಟರಿನ ಒಳಗೂ ನೀರೇ ಕಡಿಮೆಯಾಗಿರಬಹುದೆಂದು ಆ ಬಾಲ್ದಿಗಳ ನಡುವೆ ನಡೆದಾಡುತ್ತಿದ್ದ ನನಗೆ ತೋಚಲಿಲ್ಲ. ಮುಚ್ಚಿದ ವ್ಯವಸ್ಥೆಯಲ್ಲವೇ, ಎಲ್ಲೂ ಒಂದು ಹನಿ ಸೋರಿದ ಗುರುತಿರಲಿಲ್ಲ.

ಜೂನ್ 1ಕ್ಕೆ ಕಡಲಿನಲ್ಲಿ ಮೀನುಗಾರಿಕೆಗೆ ರಜೆ. 61 ದಿನ ಯಾಂತ್ರಿಕ ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ನಮ್ಮ ಸೋದರಮಾವನಿಗೆ ಆಗಲೇ ಕೆಲಸ ಜಾಸ್ತಿ. ಬೋಟಿನ ಇಂಜಿನ್, ನಾಡದೋಣಿಯ ಔಟ್‌ಬೋರ್ಡ್ ಎಲ್ಲ ಬಿಚ್ಚಿ ಸರಿ ಮಾಡುವವರು ಅವರು. ನಲ್ವತ್ತು ವರ್ಷದ ಕೈ. ಆ ವರ್ಷ ಮಳೆಯೂ ತಡ. ಒಂದು ಸಂಜೆ ದಕ್ಕೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಬೂತಾಯಿ ಮೀನು ಕೊಡಲೆಂದು ಒಳಗೆ ಬಂದರು. ಫ್ಯಾನಿನ ಸದ್ದು ಕೇಳಿ, “ಎಂತ ಮಾರಾಯ್ತಿ ಇದು, ಇಷ್ಟು ಬೊಬ್ಬೆ?” ಎಂದರು.

ಎಲ್ಲ ಹೇಳಿದೆ. ಅವರಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ. “ಇದಕ್ಕೆ ನೀರು ಉಂಟು ಅಂತ ಹೇಳಿದಿಯಲ್ಲ, ನೀರು ಹೋಗುವುದು ಎಲ್ಲಿಂದ, ಬರುವುದು ಎಲ್ಲಿಂದ?” ಎಂದಷ್ಟೇ ಕೇಳಿದರು. ಪಕ್ಕದ ಬಾಗಿಲು ತೆಗೆದು ತೋರಿಸಿದೆ. ಗ್ರೀಸು ಹೋಗದ ತೋರುಬೆರಳನ್ನು ಲುಂಗಿಗೆ ಒರೆಸಿ ಒಂದು ಪೈಪಿನ ಮೇಲಿಟ್ಟು ಥಟ್ಟನೆ ತೆಗೆದರು. ಇನ್ನೊಂದರ ಮೇಲಿಟ್ಟು ಹಾಗೇ ಹಿಡಿದುಕೊಂಡರು. ಆಮೇಲೆ ರೇಡಿಯೇಟರಿಗೆ ಅಂಗೈ ಒತ್ತಿದರು.

“ನೀರ್ ಪೋವೊಂದಿಜ್ಜಿ” ಎಂದರು. ನೀರು ಹೋಗುತ್ತಿಲ್ಲ.

“ಪಂಪು ಓಡ್ತಾ ಉಂಟಲ್ಲ ಮಾಮ, ಇಲ್ಲಿ ಸುತ್ತು ಕಾಣ್ತದೆ ನೋಡಿ” ಎಂದೆ.

“ಸುತ್ತುವುದು ಬೇರೆ, ನೀರು ದೂಡುವುದು ಬೇರೆ. ದೋಣಿಯಲ್ಲಿ ಇಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಮೊದಲು ಎಂತ ನೋಡುವುದು ಗೊತ್ತುಂಟಾ? ಬದಿಯ ತೂತಿನಿಂದ ನೀರು ಉಗುಳ್ತದಾ ಇಲ್ವಾ ಅಂತ. ಇಂಜಿನ್ ಎಷ್ಟು ಚೆಂದ ಓಡಿದ್ರೂ ನೀರು ಉಗುಳದಿದ್ರೆ ಆ ಕ್ಷಣ ಆಫ್. ಹೊಯಿಗೆ ಕಟ್ಟಿರ್ತದೆ, ಪ್ಲಾಸ್ಟಿಕ್ ಸಿಕ್ಕಿರ್ತದೆ, ಇಲ್ಲ ಗಾಳಿ ಹಿಡಿದಿರ್ತದೆ. ನಿನ್ನದು ನೋಡು, ಈ ಪೈಪು ಬಿಸಿ, ಆ ಪೈಪು ತಣ್ಣಗೆ, ರೇಡಿಯೇಟರ್ ಸತ್ತ ಹಾಗೆ ತಣ್ಣಗೆ. ಇಂಜಿನ್ ಬಿಸಿ, ರೇಡಿಯೇಟರ್ ತಣ್ಣಗೆ ಅಂದ್ರೆ ಮತ್ತೆ ಬೇರೆ ಎಂತ?”

ನಾನು ಒಂದು ತಿಂಗಳು ಪರದೆಯ ಅಂಕಿಗಳನ್ನೇ ನೋಡಿದ್ದೆ. ಪೈಪನ್ನು ಮುಟ್ಟಿರಲಿಲ್ಲ. ಅಂಕಿಗಳಲ್ಲೂ ಉತ್ತರ ಇತ್ತು, ಓದಲು ಬಂದಿರಲಿಲ್ಲ. ಒಂದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿಯಬಲ್ಲದು, ಹಾಗಾಗಿ ಸರಿಯಾಗಿ ಓಡುವ ನೀರಿನ ಕೂಲರಿನಲ್ಲಿ ಉಷ್ಣತೆ ಮೊದಲು ತುಸು ಹಾರಿದರೂ ಆಮೇಲೆ ನಿಮಿಷಗಟ್ಟಲೆ ನಿಧಾನವಾಗಿ ಏರಬೇಕು. ರೇಡಿಯೇಟರಿಗೆ ಧೂಳು ಹಿಡಿದಾಗಲೂ ಹಾಗೆಯೇ, ನಿಧಾನವಾಗಿ ಏರಿ ಮೇಲೆ ಹೋಗಿ ನಿಲ್ಲುತ್ತದೆ. ನನ್ನದು ರೆಂಡರ್ ಒತ್ತಿದ ಮೂರೇ ಸೆಕೆಂಡಿಗೆ 50ರಿಂದ 95ಕ್ಕೆ ಹಾರುತ್ತಿತ್ತು. ಅಷ್ಟು ವೇಗದ ಏರಿಕೆ ಅಂದರೆ ಶಾಖ ನೀರಿಗೆ ಇಳಿಯುತ್ತಿಲ್ಲ, ಇಲ್ಲವೇ ಇಳಿದ ನೀರು ಜಾಗ ಬಿಟ್ಟು ಕದಲುತ್ತಿಲ್ಲ.

ಮಾಮ ಕ್ಯಾಬಿನೆಟನ್ನು ಎರಡೂ ಕೈಯಲ್ಲಿ ಹಿಡಿದು ಮಗುವನ್ನು ಮಲಗಿಸುವ ಹಾಗೆ ಬದಿಗೆ ವಾಲಿಸಿದರು. ಒಳಗೆ ಗುಳುಗುಳು ಎಂದಿತು. ಪರದೆಯ ಮೇಲೆ 97 ಇದ್ದದ್ದು 80, 71, 64. ನನ್ನ ಎರಡು ದಿನದ ಗುಟ್ಟು ಆಗ ಒಡೆಯಿತು. ಜಗಲಿಯಲ್ಲಿ ಅಡ್ಡ ಮಲಗಿಸಿದಾಗ ಪಂಪಿನಲ್ಲಿ ಕೂತಿದ್ದ ಗಾಳಿ ಸರಿದು ಹೋಗಿತ್ತು. ಬ್ರಶ್ಶಿನ ಕೆಲಸ ಅದಾಗಿರಲಿಲ್ಲ.

ಗಾಳಿ ಬಂದದ್ದು ಎಲ್ಲಿಂದ? ರಬ್ಬರ್ ಪೈಪು ನಮ್ಮ ಕಣ್ಣಿಗೆ ಮಾತ್ರ ಭದ್ರ. ಅದರ ಗೋಡೆಯ ಮೂಲಕ ನೀರು ಆವಿಯಾಗಿ, ತೇವದ ಗುರುತೂ ಉಳಿಸದೆ, ವರ್ಷವರ್ಷವೂ ತುಸು ತುಸು ಹೊರಗೆ ಹೋಗುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ. ಹೋದ ನೀರಿನ ಜಾಗಕ್ಕೆ ಗಾಳಿ ಬರುತ್ತದೆ, ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ತಮ್ಮ ರೇಡಿಯೇಟರನ್ನು ಕ್ಯಾಬಿನೆಟಿನ ಎದುರಿಗೆ ತಗ್ಗಿನಲ್ಲಿ ಕೂರಿಸಿದ್ದ, ಪಂಪೇ ಎಲ್ಲಕ್ಕಿಂತ ಮೇಲಿತ್ತು. ಹೊಸತಿನಲ್ಲಿ ನೀರು ತುಂಬಿದ್ದಾಗ ಅದರಿಂದ ಏನೂ ತೊಂದರೆ ಆಗಲಿಲ್ಲ. ನೀರು ಇಳಿದಾಗ ಗಾಳಿ ಬಂದು ಕೂತದ್ದು ನೇರ ಪಂಪಿನ ಹೊಟ್ಟೆಯಲ್ಲಿ.

ಆ ರಾತ್ರಿಯೇ ರೇಡಿಯೇಟರನ್ನು ಕ್ಯಾಬಿನೆಟಿನ ಮೇಲ್ಭಾಗಕ್ಕೆ ಏರಿಸಿ ಬಿಗಿದೆವು. ಗಾಳಿ ಅಲ್ಲಿಗೆ ಹೋಗಿ ಕೂತಿತು. ನಾಲ್ಕು ಪ್ರಸಂಗಗಳೂ ಮುಗಿದವು, 72 ಡಿಗ್ರಿ ದಾಟದೆ. ಆದರೆ ಉಳಿದ ನೀರಿಗೂ ಆಯುಷ್ಯ ಇತ್ತು. ಜುಲೈ ಕೊನೆಯಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಮತ್ತೆ ನೂರಾಯಿತು. ಈ ಸಲ ವಾಲಿಸಿದರೂ ಇಳಿಯಲಿಲ್ಲ.

ನೀರು ತುಂಬಿಸೋಣ ಎಂದರು ಮಾಮ. ತುಂಬಿಸಲು ಮುಚ್ಚಳವೇ ಇಲ್ಲ ಎಂದು ತೋರಿಸಿದೆ. “ನೀರು ಇರುವ ಇಂಜಿನಿಗೆ ನೀರು ಹೊಯ್ಯಲಿಕ್ಕೆ ಜಾಗ ಇಲ್ವಾ?” ಎಂದು ಅವರು ಕೇಳಿದ ಪ್ರಶ್ನೆಯನ್ನು ಮಾಡಿದವರೇ ಉತ್ತರಿಸಬೇಕು. ವ್ಯವಸ್ಥೆ ಮುಚ್ಚಿದ್ದು ಎನ್ನುವುದು ಕೊಳ್ಳುವವನಿಗೆ ಅನುಕೂಲದ ಮಾತಾಗಿ ಕೇಳುತ್ತದೆ, ಆದರೆ ಅದರ ಅರ್ಥ ಹಾಳಾದರೆ ಎಸೆಯಬೇಕು ಎಂದೇ. ಕೊನೆಗೆ ಒಂದು ಭಾನುವಾರ ಚಾವಡಿಯಲ್ಲಿ ಕೂತು ಅದನ್ನು ಬಿಚ್ಚಿದೆವು. ಒಳಗೆ ಉಳಿದ ದ್ರವವನ್ನು ಬಗ್ಗಿಸಿದರೆ ಅಮ್ಮನ ಚಹಾ ಲೋಟದ ಅರ್ಧಕ್ಕೂ ಬರಲಿಲ್ಲ. ತಾಮ್ರದ ಫಲಕದ ಒಳಮೈಯಲ್ಲಿ ಬಾಚಣಿಗೆಯ ಹಲ್ಲಿಗಿಂತ ಎಷ್ಟೋ ತೆಳ್ಳನೆಯ ಎಸಳುಗಳು, ಅವುಗಳ ಸಂದಿಯಲ್ಲೇ ನೀರು ಹರಿಯಬೇಕು. ಆ ಸಂದಿಗಳ ತುಂಬ ಬಿಳಿ ಹಸಿರು ಬಣ್ಣದ ಲೋಳೆ, ಬಾವಿಕಟ್ಟೆಯ ಹಾವಸೆಯಂತೆ. ಮಾಮ ಪಿನ್ನಿನಲ್ಲಿ ಕೆದಕಿ ತೆಗೆದು ಬೆರಳ ಮೇಲೆ ಇಟ್ಟು ತಿಕ್ಕಿದರು. ರೇಡಿಯೇಟರ್ ಅಲ್ಯೂಮಿನಿಯಂ, ಫಲಕ ತಾಮ್ರ ಎಂದು ಹೇಳಿದಾಗ, “ಎರಡು ಲೋಹ ಒಂದೇ ನೀರಲ್ಲಿ ಇಟ್ಟರೆ ಒಂದು ಇನ್ನೊಂದನ್ನು ತಿಂತದೆ. ಅದಕ್ಕೇ ಅಲ್ವಾ ಬೋಟಿನ ಅಡಿಗೆ ಸತುವಿನ ತುಂಡು ಹೊಡೆಯುವುದು” ಎಂದರು. ತುಕ್ಕು ತಡೆಯುವ ಔಷಧವನ್ನು ಆ ದ್ರವಕ್ಕೆ ಸೇರಿಸಿಯೇ ಕಳಿಸುತ್ತಾರೆ. ಎಂಟು ವರ್ಷದಲ್ಲಿ ಅದರ ಶಕ್ತಿಯೂ ಮುಗಿದಿರುತ್ತದೆ.

ಹಳೆಯ ಕೂಲರಿನ ಜಾಗಕ್ಕೆ ನಾನು ತಂದದ್ದು ಗಾಳಿಯ ಕೂಲರ್. ಅಲ್ಯೂಮಿನಿಯಂ ಎಸಳುಗಳ ಒಂದು ಗೋಪುರ, ಅದರೊಳಗೆ ಹಾದುಹೋಗುವ ತಾಮ್ರದ ನಳಿಗೆಗಳು, ಒಂದು ಫ್ಯಾನ್. ಪಂಪಿಲ್ಲ, ರಬ್ಬರಿಲ್ಲ. ಮಾಮ ನೋಡಿ, “ಇದಕ್ಕೆ ನೀರೇ ಬೇಡ್ವಾ?” ಎಂದು ಕೇಳಿದರು. ಬೇಕು ಎಂದೆ. ಆ ತಾಮ್ರದ ನಳಿಗೆಗಳೊಳಗೆ ಗಾಳಿ ತೆಗೆದು ಕೆಲವೇ ಹನಿ ನೀರು ಹಾಕಿ ಬೆಸೆದಿರುತ್ತಾರೆ. ಒತ್ತಡ ತೀರಾ ಕಡಿಮೆ ಇರುವುದರಿಂದ ನೀರು ಕಡಿಮೆ ಬಿಸಿಗೇ ಆವಿಯಾಗಿ ಎಸಳುಗಳ ಕಡೆಗೆ ಸಾಗುತ್ತದೆ, ಅಲ್ಲಿ ತಣಿದು ಮತ್ತೆ ನೀರಾಗಿ ಬಂದ ಕಡೆಗೇ ಹಿಂದಿರುಗುತ್ತದೆ. ದೂಡುವವರು ಬೇಡ. ತಾಮ್ರದ ಗೋಡೆಯನ್ನು ದಾಟಿ ನೀರು ಹೊರಗೆ ಹೋಗುವುದೂ ಇಲ್ಲ. ಕಡಲು, ಮೋಡ, ಮಳೆ ನೋಡಿ ಬೆಳೆದ ಮಾಮನಿಗೆ ಅದನ್ನು ಎರಡನೇ ಸಲ ವಿವರಿಸಬೇಕಾಗಲಿಲ್ಲ.

ಡಿಸೆಂಬರಿನಲ್ಲಿ ತಮ್ಮ ರಜೆಗೆ ಬಂದ. ಬ್ಯಾಗ್ ಇಳಿಸಿದವನೇ ಕಂಪ್ಯೂಟರಿನ ಪಕ್ಕದ ಬಾಗಿಲು ತೆಗೆದು ಒಳಗೆ ಕೈ ಹಾಕಿದ, ಪೈಪು ಇದ್ದ ಜಾಗಕ್ಕೆ. ಆಮೇಲೆ ಕೂತು ಆ ಹಳೆಯ ಜಿಟಿಎ 5 ತೆರೆದ. ನಾನು ಬದಿಯಲ್ಲಿ ಕೂತು ಉಷ್ಣತೆ ನೋಡುತ್ತಿದ್ದೆ. ಎರಡು ಗಂಟೆಯ ಆಟಕ್ಕೆ 66 ಡಿಗ್ರಿ ಮೀರಲಿಲ್ಲ. ಪ್ರೊಸೆಸರ್ ಅದೇ. ಹೋಗಿದೆ ಎಂದಿದ್ದ ಬೋರ್ಡೂ ಅದೇ.

ನಿಮ್ಮ ಮನೆಯಲ್ಲಿಯೂ ಐದಾರು ವರ್ಷ ಹಳೆಯ ನೀರಿನ ಕೂಲರ್ ಇರುವ ಕಂಪ್ಯೂಟರ್ ಬಿಸಿಯಾಗುತ್ತಿದ್ದರೆ, ಹೊಸತಕ್ಕೆ ದುಡ್ಡು ಕೊಡುವ ಮೊದಲು, ಅದು ಓಡುತ್ತಿರುವಾಗಲೇ ಫ್ಯಾನಿಗೆ ಬೆರಳು ಸಿಗದಂತೆ ಜಾಗ್ರತೆಯಾಗಿ ಆ ಎರಡು ಪೈಪುಗಳನ್ನು ಮುಟ್ಟಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಬೆಚ್ಚಗಿದ್ದರೆ ನೀರು ಓಡುತ್ತಿದೆ, ತಪ್ಪು ಬೇರೆಲ್ಲೋ ಇದೆ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಕೆಟ್ಟಿರುವುದು ಕೂಲರ್ ಮಾತ್ರ. ಉಳಿದದ್ದನ್ನು ಎಸೆಯಬೇಡಿ.